ನೋಡುವವರ ಕಾಸು, ಆಡುವವರ ಪಾಲು: ನಿಮಗಿದು ಗೊತ್ತೇ?

ಮೈಸೂರಿನಿಂದ ಎಚ್.ಡಿ. ಕೋಟೆ ಹಾದು, ಬಾವಲಿ ಚೆಕ್‌ಪೋಸ್ಟ್ ದಾಟಿ ವಯನಾಡಿನ ಮಾನಂತವಾಡಿಗೆ ಹೋದವರಿಗೆ ಅಲ್ಲಿನ ಮೈಸೂರು ರಸ್ತೆ ಜಂಕ್ಷನ್ ಗೊತ್ತಿರುತ್ತದೆ. 2023ರಲ್ಲಿ ಅಲ್ಲಿನ ಪುರಸಭೆ ಅದಕ್ಕೆ ಹೊಸ ಹೆಸರಿಟ್ಟಿತು: ಮಿನ್ನು ಮಣಿ ಜಂಕ್ಷನ್. ಕುರಿಚಿಯ ಬುಡಕಟ್ಟಿನ, ಕೂಲಿ ಮಾಡಿ ಬದುಕುವ ಮನೆಯಲ್ಲಿ ಬೆಳೆದ ಮಿನ್ನು ಮಣಿಗೆ ಆಗ 24 ವರ್ಷ. ಭಾರತ ತಂಡಕ್ಕೆ ಆಡಿದ ಕೇರಳದ ಮೊದಲ ಮಹಿಳೆ ಆಕೆ. 2023ರ ಜುಲೈ 9ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಕಣಕ್ಕಿಳಿದು, ತಾನು ಎಸೆದ ಮೊದಲ ಓವರ್‌ನಲ್ಲೇ ವಿಕೆಟ್ ಕಿತ್ತಳು.

ಇದಕ್ಕೆ ಐದು ತಿಂಗಳು ಮೊದಲು ಮಹಿಳಾ ಪ್ರೀಮಿಯರ್ ಲೀಗ್‌ನ ಮೊಟ್ಟಮೊದಲ ಹರಾಜು ನಡೆದಿತ್ತು. ಮಿನ್ನು ಮಣಿಯ ಮೂಲ ಬೆಲೆ 10 ಲಕ್ಷ ರೂಪಾಯಿ. ಡೆಲ್ಲಿ ಕ್ಯಾಪಿಟಲ್ಸ್ ಕೊಟ್ಟದ್ದು 30 ಲಕ್ಷ.

ಮೂರ್ನಾಲ್ಕು ವಾರದ ಆಟಕ್ಕೆ 30 ಲಕ್ಷ! ಆಟಗಾರರಿಗೆ ಇಷ್ಟೊಂದು ದುಡ್ಡು ಸರಿಯೇ ಎಂದು ಕೇಳುವವರು ನಮ್ಮಲ್ಲಿ ಬಹಳ. ಆ ಪ್ರಶ್ನೆ ಅತಿ ಜೋರಾಗಿ ಕೇಳಿಬರುವುದು ಹೆವಿವೇಟ್ ಬಾಕ್ಸಿಂಗ್‌ನಲ್ಲಿ. ಅಲ್ಲಿಗೊಮ್ಮೆ ಹೋಗಿ ಬರೋಣ.

* * *

ನಿಮಗಿದು ಗೊತ್ತೇ? ಹತ್ತು ಲಕ್ಷ ಡಾಲರ್ ದಾಟಿದ ಮೊದಲ ಬಾಕ್ಸಿಂಗ್ ಗೇಟ್ ಕಲೆಕ್ಷನ್‌ಗೆ ಈಗ ನೂರು ವರ್ಷ ಮೀರಿದೆ. 1921ರ ಜುಲೈ 2ರಂದು ಅಮೆರಿಕದ ಜೆರ್ಸಿ ಸಿಟಿಯಲ್ಲಿ ಜಾಕ್ ಡೆಂಪ್ಸಿ ಮತ್ತು ಫ್ರಾನ್ಸಿನ ಜಾರ್ಜ್ ಕಾರ್ಪಾಂತ್ಯೆ ಎದುರುಬದುರಾದರು. ನಾಲ್ಕನೇ ಸುತ್ತಿಗೇ ಕಾಳಗ ಮುಗಿಯಿತು.

1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ಸೆಣಸಿದಾಗ ಗೆದ್ದವರಿಗೂ ಸೋತವರಿಗೂ ಸಮಪಾಲು, ತಲಾ 25 ಲಕ್ಷ ಡಾಲರ್. ಮನೆಯ ಟಿವಿಯಲ್ಲಿ ನೋಡುವ ಭಾಗ್ಯ ಅಮೆರಿಕನ್ನರಿಗೆ ಇರಲಿಲ್ಲ. ಚಿತ್ರಮಂದಿರಕ್ಕೆ ಹೋಗಿ, ಟಿಕೆಟ್ ಕೊಂಡು, ಪರದೆಯ ಮೇಲೆ ನೇರ ಪ್ರಸಾರ ನೋಡಬೇಕಿತ್ತು. ಒಂದೊಂದು ಕಾಳಗಕ್ಕೂ ಬೇರೆಬೇರೆ ಹಣ ಕಟ್ಟಿ ಮನೆಯಲ್ಲೇ ನೋಡುವ ‘ಪೇ-ಪರ್-ವ್ಯೂ’ ಪದ್ಧತಿಗೆ ತಳಪಾಯ ಬಿದ್ದದ್ದು ಹೀಗೆ.

ಅದೇ ಅಲಿ 1975ರ ಮಾರ್ಚ್‌ನಲ್ಲಿ ಚಕ್ ವೆಪ್ನರ್ ಎಂಬಾತನ ಜೊತೆ ಸೆಣಸಿದ. ವೆಪ್ನರ್ ಹೊಟ್ಟೆಪಾಡಿಗೆ ಮದ್ಯ ಮಾರಾಟದ ಕೆಲಸ ಮಾಡುತ್ತಿದ್ದವನು. ಹದಿನೈದನೇ ಸುತ್ತಿನ ಕೊನೆಗೆ ಇನ್ನು 19 ಸೆಕೆಂಡು ಇರುವವರೆಗೂ ಏಟು ತಿನ್ನುತ್ತ ನಿಂತಿದ್ದ. ಅವನಿಗೆ ಸಿಕ್ಕಿದ್ದು ಒಂದು ಲಕ್ಷ ಡಾಲರ್, ಅಲಿಗೆ 15 ಲಕ್ಷ. ಒಂದೇ ಕಣ, ಒಂದೇ ರಾತ್ರಿ, ಹದಿನೈದು ಪಟ್ಟು ವ್ಯತ್ಯಾಸ.

* * *

2015ರಲ್ಲಿ ಬಾಕ್ಸರ್‌ಗಳಾದ ಮೇವೆದರ್ ಮತ್ತು ಪ್ಯಾಕ್ವಿಯಾವೊ ಕಾಳಗವನ್ನು ಅಮೆರಿಕದ ಸುಮಾರು 46 ಲಕ್ಷ ಮನೆಗಳು ಹಣ ಕಟ್ಟಿ ನೋಡಿದವು. ಎಚ್‌ಡಿ ಚಿತ್ರಕ್ಕೆ ಬೆಲೆ ಹತ್ತಿರಹತ್ತಿರ 100 ಡಾಲರ್. ಅವರಿಬ್ಬರೂ ಹೆವಿವೇಟ್ ಅಲ್ಲ, ವೆಲ್ಟರ್‌ವೇಟ್. ಆದರೆ ಹೆವಿವೇಟ್ ಕಾಳಗಗಳೂ ಅಗ್ಗವೇನಲ್ಲ. 2021ರ ಅಕ್ಟೋಬರ್‌ನಲ್ಲಿ ಹೆವಿವೇಟ್ ವೀರರಾದ ಟೈಸನ್ ಫ್ಯೂರಿ ಮತ್ತು ಡಿಯಾಂಟೆ ವೈಲ್ಡರ್ ಮೂರನೇ ಸಲ ಎದುರಾದಾಗ ಮನೆಯಲ್ಲಿ ನೋಡಲು ಸುಮಾರು 80 ಡಾಲರ್. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿ, ಅದೂ ಒಂದು ರಾತ್ರಿಗೆ.

ನಮ್ಮ ದೇಶದಲ್ಲಿ? ಪ್ಯಾಕೇಜಿನಲ್ಲಿ ಸೇರಿಸಿ ಮಾರುವ ಯಾವುದೇ ಚಾನೆಲ್‌ನ ತಿಂಗಳ ಬೆಲೆ 19 ರೂಪಾಯಿ ಮೀರಬಾರದು ಎಂಬುದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮ. ಆ 80 ಡಾಲರ್‌ನಲ್ಲಿ ಇಂಥ ಒಂದು ಚಾನೆಲನ್ನು ಇಪ್ಪತ್ತಾರು ವರ್ಷ ನೋಡಬಹುದು.

ಕಟ್ಟಿದ ಹಣವೆಲ್ಲ ಹೊಡೆದಾಡಿದವರಿಗೇ ಹೋಗುತ್ತದೆಂದು ತಿಳಿಯಬೇಡಿ. ಹಳೆಯ ಪದ್ಧತಿಯಲ್ಲಿ ಸರಿಸುಮಾರು ಅರ್ಧವನ್ನು ಕೇಬಲ್ ಮತ್ತು ಡಿಶ್ ಕಂಪನಿಗಳೇ ಇಟ್ಟುಕೊಳ್ಳುತ್ತಿದ್ದವು. ಉಳಿದದ್ದರಲ್ಲಿ ಚಾನೆಲ್, ಪ್ರವರ್ತಕ, ಮ್ಯಾನೇಜರ್, ತರಬೇತುದಾರ ಎಲ್ಲರ ಪಾಲು ಹೋಗಿ ಬಾಕ್ಸರ್ ಕೈಗೆ ಬರಬೇಕು. ಪ್ರವರ್ತಕ ತನಗೆ ಬಂದದ್ದೆಷ್ಟು ಎಂದು ಬಾಕ್ಸರ್‌ಗೆ ತಿಳಿಸಲೇಬೇಕೆಂದು ಅಮೆರಿಕ 2000ನೇ ಇಸವಿಯಲ್ಲಿ ಕಾನೂನು ತಂದಿತು. ಅದಕ್ಕಿಟ್ಟ ಹೆಸರು ಮುಹಮ್ಮದ್ ಅಲಿಯದು.

2022ರಲ್ಲಿ ಫ್ಯೂರಿ ಮತ್ತು ಡಿಲಿಯನ್ ವೈಟ್ ಕಾಳಗದ ಹಕ್ಕು ಹರಾಜಿಗೆ ಬಂದಾಗ ಕೂಗಿದ ಮೊತ್ತ 4 ಕೋಟಿ 10 ಲಕ್ಷ ಡಾಲರ್‌ಗೂ ಮೇಲೆ. ಹಂಚಿಕೆ ಹೇಗೆ ಗೊತ್ತೇ? ಚಾಂಪಿಯನ್‌ಗೆ ನೂರಕ್ಕೆ 80, ಎದುರಾಳಿಗೆ 20. ವೈಟ್‌ಗೆ ಬಂದ ಪಾಲೂ ಸಣ್ಣದಲ್ಲ. ಆದರೆ ಅದೇ ದಿನ ಅದೇ ರಿಂಗ್‌ನಲ್ಲಿ ಮೊದಲಿಗೆ ಹೊಡೆದಾಡಿ ಇಳಿದುಹೋದ ಹುಡುಗರ ಹೆಸರು ಆ ಹಂಚಿಕೆಯಲ್ಲಿ ಇಲ್ಲವೇ ಇಲ್ಲ.

* * *

ಬಂದ ದುಡ್ಡು ನಿಲ್ಲುತ್ತದೆಯೇ? ಹೆವಿವೇಟ್ ಬಾಕ್ಸರ್ ಜೋ ಲೂಯಿ 1942ರಲ್ಲಿ ಎರಡು ಕಾಳಗಗಳ ಗಳಿಕೆಯನ್ನು ಅಮೆರಿಕದ ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗೆ ದಾನ ಕೊಟ್ಟ. ತೆರಿಗೆ ಇಲಾಖೆ ಆ ಗಳಿಕೆಗೂ ತೆರಿಗೆ ಹಾಕಿತು. ಕೊನೆಗಾಲದಲ್ಲಿ ಆತ ಲಾಸ್ ವೇಗಸ್‌ನ ಕ್ಯಾಸಿನೊ ಒಂದರಲ್ಲಿ ಬಂದವರ ಕೈಕುಲುಕಿ ಸ್ವಾಗತಿಸುವ ಕೆಲಸದಲ್ಲಿದ್ದ. 30 ಕೋಟಿ ಡಾಲರ್‌ಗೂ ಹೆಚ್ಚು ದುಡಿದ ಮೈಕ್ ಟೈಸನ್ 2003ರಲ್ಲಿ ದಿವಾಳಿ ಅರ್ಜಿ ಹಾಕಿದ.

ನಮ್ಮವರೇ ಒಬ್ಬರಿದ್ದರು, ಪಂಜಾಬಿನ ಕೌರ್ ಸಿಂಗ್. 1980ರ ಜನವರಿಯಲ್ಲಿ ದೆಹಲಿಯಲ್ಲಿ ಮುಹಮ್ಮದ್ ಅಲಿ ಜೊತೆ ಪ್ರದರ್ಶನ ಕಾಳಗ ಆಡಿದವರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದರು. ಅರ್ಜುನ ಪ್ರಶಸ್ತಿ ಬಂತು, ಪದ್ಮಶ್ರೀಯೂ ಬಂತು. 2017ರಲ್ಲಿ ಆಸ್ಪತ್ರೆಯ ಖರ್ಚಿಗೆ ಪರದಾಡುತ್ತಿದ್ದಾಗ ಕೇಂದ್ರ ಕ್ರೀಡಾ ಸಚಿವಾಲಯ ಕಲ್ಯಾಣ ನಿಧಿಯಿಂದ 5 ಲಕ್ಷ ರೂಪಾಯಿ ಕೊಡಬೇಕಾಯಿತು. 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಟಗಾರರಿಗೆ ಯಾಕಿಷ್ಟು ದುಡ್ಡು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕೌರ್ ಸಿಂಗ್. ಅಂಥ ದೇಹಕ್ಕೂ ದುಡಿಯುವ ವಯಸ್ಸು ಹತ್ತೋ ಹನ್ನೆರಡೋ ವರ್ಷ. ಆಮೇಲೆ ಉಳಿಯುವುದು ನೋವು. ಆ ಹತ್ತು ವರ್ಷಕ್ಕೆ ಎಷ್ಟು ಕೊಟ್ಟರೂ ದಂಡವಲ್ಲ ಎಂಬುದು ನನ್ನ ದೃಢ ನಂಬಿಕೆ.

ಮಾನಂತವಾಡಿಯಿಂದ ಘಾಟಿ ಇಳಿದರೆ ಕಣ್ಣೂರು. ಆ ಜಿಲ್ಲೆಯ ಕೆ.ಸಿ. ಲೇಖಾ 2006ರಲ್ಲಿ ದೆಹಲಿಯಲ್ಲಿ ಬಾಕ್ಸಿಂಗ್‌ನ 75 ಕಿಲೋ ವಿಭಾಗದ ವಿಶ್ವ ಚಾಂಪಿಯನ್ ಆದರು. ಅದೇ ಕೂಟದಲ್ಲಿ ಚಿನ್ನ ಗೆದ್ದ ಮೇರಿ ಕೋಮ್ ಹೆಸರು ಮನೆಮನೆಗೆ ಗೊತ್ತು. ಲೇಖಾಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2021ರಲ್ಲಿ, ಹದಿನೈದು ವರ್ಷ ಕಳೆದ ಮೇಲೆ.

* * *

ಈಗ ನಮ್ಮ ಕ್ರಿಕೆಟ್‌ನ ಲೆಕ್ಕ. ಇದನ್ನು ನಿಧಾನವಾಗಿ ಓದಿ.

ಪುರುಷರ ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ, ಅಂದರೆ ವರ್ಷಕ್ಕೆ ಸರಾಸರಿ 9,678 ಕೋಟಿ. 2025ರಲ್ಲಿ ಒಂದೊಂದು ತಂಡ ಆಟಗಾರರಿಗೆ ಖರ್ಚು ಮಾಡಬಹುದಾಗಿದ್ದ ಮಿತಿ 120 ಕೋಟಿ, ಪಂದ್ಯ ಸಂಭಾವನೆ ಎಂದು ಇನ್ನು 12.60 ಕೋಟಿ. ಹತ್ತೂ ತಂಡ ಸೇರಿದರೆ 1,326 ಕೋಟಿ. ಪ್ರಸಾರದಿಂದ ಬಂದ ನೂರು ರೂಪಾಯಿಗೆ ಹೋಲಿಸಿದರೆ ಆಟಗಾರರ ಪಾಲು ಹದಿನಾಲ್ಕು ರೂಪಾಯಿಯೂ ಇಲ್ಲ.

ಮಹಿಳಾ ಲೀಗ್‌ನ ಐದು ವರ್ಷದ ಹಕ್ಕು 951 ಕೋಟಿ, ವರ್ಷಕ್ಕೆ 190 ಕೋಟಿ. 2025ರಲ್ಲಿ ಐದು ತಂಡಗಳಿಗೆ ತಲಾ 15 ಕೋಟಿ ಮಿತಿ, ಒಟ್ಟು 75 ಕೋಟಿ. ಇಲ್ಲಿ ನೂರಕ್ಕೆ ಮೂವತ್ತೊಂಬತ್ತು! ಮೊತ್ತ ಚಿಕ್ಕದು, ಪಾಲು ದೊಡ್ಡದು. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಆಟಗಾರರ ಸಂಘ ಮಾತುಕತೆಗೆ ಕೂತು, ಲೀಗ್‌ನ ಆದಾಯದಲ್ಲಿ ಸುಮಾರು ಅರ್ಧವನ್ನು ಒಪ್ಪಂದದಲ್ಲೇ ಬರೆಸಿಕೊಂಡಿದೆ. ಬಾಕ್ಸರ್‌ಗಳಿಗೆ ಅಂಥ ಸಂಘಬಲವಿಲ್ಲ. ನಮ್ಮ ಕ್ರಿಕೆಟಿಗರ ಪರವಾಗಿಯೂ ಹಾಗೆ ಕೂತು ಪಾಲು ಕೇಳುವವರಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಭಾರತಕ್ಕಾಗಿ ಆಡುವಾಗ ಪುರುಷರಿಗೂ ಮಹಿಳೆಯರಿಗೂ ಪಂದ್ಯದ ಸಂಭಾವನೆ ಒಂದೇ ಎಂದು ಬಿಸಿಸಿಐ 2022ರ ಅಕ್ಟೋಬರ್‌ನಲ್ಲಿ ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ.

* * *

2024ರ ಫೆಬ್ರುವರಿ 23. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಮುಂಬೈ ಇಂಡಿಯನ್ಸ್ ಗೆಲ್ಲಲು ಕೊನೆಯ ಓವರ್‌ನಲ್ಲಿ 12 ರನ್ ಬೇಕು. ಎಸೆಯುತ್ತಿರುವವಳು ಡೆಲ್ಲಿಯ ಆಲಿಸ್ ಕ್ಯಾಪ್ಸಿ. ಮೊದಲ ಎಸೆತಕ್ಕೇ ಒಂದು ವಿಕೆಟ್. ಐದನೇ ಎಸೆತಕ್ಕೆ ನಾಯಕಿ ಹರ್ಮನ್‌ಪ್ರೀತ್ ಕೌರ್ ಕೂಡ ಔಟ್. ಒಂದು ಎಸೆತ, ಐದು ರನ್. ಬ್ಯಾಟ್ ಹಿಡಿದು ಬಂದವಳು ಎಸ್. ಸಜನಾ. ಮಹಿಳಾ ಲೀಗ್‌ನಲ್ಲಿ ಅವಳು ಎದುರಿಸುವ ಮೊದಲ ಎಸೆತವೇ ಅದು. ಮುಂದೆ ನುಗ್ಗಿ ಬೀಸಿದಳು, ಚೆಂಡು ಲಾಂಗ್ ಆನ್ ಮೇಲಿಂದ ಸಿಕ್ಸರ್‌ಗೆ ಹೋಯಿತು.

ಸಜನಾ ಕೂಡ ಮಾನಂತವಾಡಿಯ ಕುರಿಚಿಯ ಹುಡುಗಿ, ಆಟೋ ಚಾಲಕನ ಮಗಳು. ಎದುರು ತಂಡ ಮಿನ್ನು ಮಣಿಯದು! 2018ರ ಪ್ರವಾಹದಲ್ಲಿ ಸಜನಾ ಮನೆಗೆ ನೀರು ನುಗ್ಗಿ ಅಲ್ಲಿವರೆಗೆ ಗೆದ್ದ ಟ್ರೋಫಿ, ಆಟದ ಸಾಮಾನು ಹಾಳಾಗಿದ್ದವು. ಅದೇ ವರ್ಷ ತೆರೆಕಂಡ ‘ಕನಾ’ ಎಂಬ ತಮಿಳು ಕ್ರಿಕೆಟ್ ಚಿತ್ರದಲ್ಲಿ ಅವಳು ಸಣ್ಣ ಪಾತ್ರವನ್ನೂ ಮಾಡಿದ್ದಳು. ಆ ಸಿಕ್ಸರ್ ಹೊಡೆದವಳಿಗೆ ಹರಾಜಿನಲ್ಲಿ ಸಿಕ್ಕ ಬೆಲೆ 15 ಲಕ್ಷ.

ಒಂದೇ ಊರಿನ ಇಬ್ಬರು ಒಂದೇ ಲೀಗ್‌ಗೆ ಬಂದದ್ದು ಹೇಗೆ? ವಯನಾಡಿನ ಕೃಷ್ಣಗಿರಿಯಲ್ಲಿ, ಕಾಫಿ ತೋಟಗಳ ನಡುವೆ, ಕೇರಳ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿದೆ. ಕೇರಳ ಮೊದಲ ಬಾರಿ ರಣಜಿ ಸೆಮಿಫೈನಲ್ ಆಡಿದ್ದು 2019ರ ಜನವರಿಯಲ್ಲಿ ಅಲ್ಲೇ, ವಿದರ್ಭದ ವಿರುದ್ಧ. ಮಿನ್ನು ಮಣಿ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಅಭ್ಯಾಸಕ್ಕೆ ಹೋಗುತ್ತಿದ್ದದ್ದೂ ಅಲ್ಲಿಗೇ.

ವಯನಾಡಿನ ಮೂರನೆಯವಳು ಕಲ್ಪೆಟ್ಟಾದ ವಿ.ಜೆ. ಜೋಷಿತಾ. ನಮ್ಮ ಆರ್‌ಸಿಬಿ ಅವಳನ್ನು 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಹರಾಜಿನಲ್ಲಿ 10 ಲಕ್ಷಕ್ಕೆ ಕೊಂಡಿತು. ಮರುವರ್ಷ ಫೆಬ್ರುವರಿ 2ರಂದು ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದಲ್ಲೂ ಅವಳಿದ್ದಳು.

* * *

ಮಲಬಾರಿನಲ್ಲಿ ಇನ್ನೊಂದು ಆಟವಿದೆ, ತಂಡಕ್ಕೆ ಏಳೇ ಜನರ ‘ಸೆವೆನ್ಸ್’ ಫುಟ್‌ಬಾಲ್. ವಯನಾಡಿನಿಂದ ಕಾಸರಗೋಡಿನವರೆಗೂ ಜನ ಅದಕ್ಕೆ ಮುಗಿಬೀಳುತ್ತಾರೆ. ಸುಗ್ಗಿ ಮುಗಿದ ಗದ್ದೆಯಲ್ಲೋ ಶಾಲಾ ಮೈದಾನದಲ್ಲೋ ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ ಎಬ್ಬಿಸುತ್ತಾರೆ. ಬಾಗಿಲಲ್ಲಿ ಟಿಕೆಟ್. ಆಫ್ರಿಕಾದಿಂದ ಬಂದ ಆಟಗಾರರಿಗೆ ಪಂದ್ಯಕ್ಕಿಷ್ಟು ಎಂದು ಸಂಭಾವನೆ. ನೋಡುವವನ ಕಾಸು ಆಡುವವನ ಕೈ ಸೇರಲು ಇಲ್ಲಿ ಹೆಚ್ಚು ದೂರ ಹೋಗಬೇಕಿಲ್ಲ. ಮಲಪ್ಪುರಂ ಜಿಲ್ಲೆಯಲ್ಲಿ 2022ರಲ್ಲಿ ಇಂಥ ಗ್ಯಾಲರಿಯೊಂದು ಕುಸಿದು ಹಲವರು ಗಾಯಗೊಂಡರು. ಆ ಟಿಕೆಟ್ ಹಣದಲ್ಲಿ ಗಟ್ಟಿ ಗ್ಯಾಲರಿಗೂ ಒಂದು ಪಾಲು ಎತ್ತಿಡಲೇಬೇಕು.

ರಸ್ತೆಯಲ್ಲಿ ನಡೆಯುವ ಮ್ಯಾರಥಾನ್ ನೋಡಲಂತೂ ಟಿಕೆಟ್ಟೇ ಇಲ್ಲ. ವಯನಾಡಿನವರೇ ಆದ ಒ.ಪಿ. ಜೈಷಾ 2015ರಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದರು. ಸುಲ್ತಾನ್ ಬತ್ತೇರಿ ಕಡೆಯ ಟಿ. ಗೋಪಿ 2017ರಲ್ಲಿ ಏಷ್ಯನ್ ಮ್ಯಾರಥಾನ್ ಗೆದ್ದ ಮೊದಲ ಭಾರತೀಯ ಪುರುಷ.

* * *

ಮನೆಯಲ್ಲೇ ಕೂತು ನೋಡುವವರ ಹಕ್ಕೇನು? ಪ್ರಸಾರವನ್ನು ಹೊತ್ತು ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆ ತೀರ್ಪಿಗೆ ಕಾರಣವಾದದ್ದು 1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ. 2007ರಲ್ಲಿ ಬಂದ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳನ್ನು ಖಾಸಗಿ ಚಾನೆಲ್‌ಗಳು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಐಪಿಎಲ್, ಮಹಿಳಾ ಲೀಗ್ ಆ ಪಟ್ಟಿಯಲ್ಲಿಲ್ಲ.

2023ರ ಮೊದಲ ಮಹಿಳಾ ಲೀಗ್‌ನಲ್ಲಿ ಹೆಣ್ಣುಮಕ್ಕಳಿಗೆ ಕ್ರೀಡಾಂಗಣ ಪ್ರವೇಶ ಉಚಿತ. ಜಿಯೋ ಸಿನಿಮಾದಲ್ಲಿ ನೋಡುವುದೂ ಉಚಿತ. 2025ರ ಫೆಬ್ರುವರಿ 14ರಂದು ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋ ಹಾಟ್‌ಸ್ಟಾರ್ ಆಯಿತು. ಆಗ ಮೊಬೈಲಿಗೆ ಮೂರು ತಿಂಗಳ ಚಂದಾ 149 ರೂಪಾಯಿಯಿಂದ ಶುರುವಾಗುತ್ತಿತ್ತು. ಅದೇ ದಿನ ವಡೋದರದಲ್ಲಿ ಆ ವರ್ಷದ ಮಹಿಳಾ ಲೀಗ್ ಆರಂಭ. ಆರ್‌ಸಿಬಿ 202 ರನ್ ಬೆನ್ನಟ್ಟಿ ಗೆದ್ದ ಆ ಪಂದ್ಯದಲ್ಲೇ ಜೋಷಿತಾ ಮೊದಲ ಬಾರಿಗೆ ಕೆಂಪು ಅಂಗಿ ತೊಟ್ಟು ಆಡಿದಳು. 149 ದೊಡ್ಡ ಮೊತ್ತವಲ್ಲ. ಆದರೆ ಕಾಡಂಚಿನ ಹಾಡಿಯಲ್ಲಿ, ಹಂಚಿಕೊಂಡ ಒಂದೇ ಮೊಬೈಲಿನಲ್ಲಿ ಆಟ ನೋಡಿ ಕನಸು ಕಟ್ಟುವ ಹುಡುಗಿಗೆ ಅದೂ ಒಂದು ಗೇಟೇ.

ಐಪಿಎಲ್ ಮತ್ತು ಮಹಿಳಾ ಲೀಗ್, ಎರಡರ ಪ್ರಸಾರ ಒಪ್ಪಂದಗಳ ಅವಧಿಯೂ 2027ಕ್ಕೆ ಮುಗಿಯುತ್ತದೆ. ಹೊಸ ಒಪ್ಪಂದಕ್ಕೆ ಕೂತಾಗ ಎರಡು ಸಾಲು ಸೇರಿಸಲಿ: ಮಹಿಳಾ ಲೀಗ್‌ನ ಪಂದ್ಯಗಳು ದೂರದರ್ಶನದಲ್ಲೂ ಬರಲಿ; ಪ್ರಸಾರದ ಹಣ ಎಷ್ಟೇ ಏರಿದರೂ ಆಟಗಾರ್ತಿಯರ ಪಾಲು ನೂರಕ್ಕೆ ಮೂವತ್ತೊಂಬತ್ತಕ್ಕಿಂತ ಇಳಿಯದಿರಲಿ.