ತಲೆ–ಕತ್ತಿನ ಕ್ಯಾನ್ಸರ್: ಜೋಡಿ ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ನಿಭಾಯಿಸುವುದು ಹೇಗೆ?

ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಮುಂತಾದ ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರುಗಳನ್ನು ಒಟ್ಟಾಗಿ ತಲೆ–ಕತ್ತಿನ ಕ್ಯಾನ್ಸರ್ ಎಂದು ಕರೆಯುತ್ತಾರೆ. ತಂಬಾಕು, ಗುಟ್ಕಾ, ಎಲೆಯಡಿಕೆಗಳ ಬಳಕೆ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಅಪರೂಪದ ಕಾಯಿಲೆಯಲ್ಲ. ರೋಗ ಮುಂದುವರಿದ ಹಂತದಲ್ಲಿದ್ದರೆ ಅನೇಕರಿಗೆ ವಿಕಿರಣ ಚಿಕಿತ್ಸೆಯನ್ನೂ ಕೀಮೋಥೆರಪಿಯನ್ನೂ ಒಟ್ಟಿಗೆ ಕೊಡಲಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ ವಿಕಿರಣ, ವಾರಕ್ಕೆ 5 ದಿನ, 7 ವಾರಗಳಲ್ಲಿ 35 ಸಲ, ಒಟ್ಟು 70 ಗ್ರೇ. ಶಸ್ತ್ರಚಿಕಿತ್ಸೆಯ ನಂತರ ಕೊಡುವುದಾದರೆ 60ರಿಂದ 66 ಗ್ರೇ. ಇದರ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ.

ಎರಡನ್ನೂ ಒಟ್ಟಿಗೇ ಕೊಡುವುದೇಕೆ? ಸಿಸ್‌ಪ್ಲಾಟಿನ್ ಕ್ಯಾನ್ಸರ್ ಕೋಶಗಳನ್ನು ವಿಕಿರಣಕ್ಕೆ ಹೆಚ್ಚು ಈಡಾಗುವಂತೆ ಮಾಡುತ್ತದೆ. 93 ಪ್ರಯೋಗಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಹೀಗೆ ಜೊತೆಜೊತೆಯಾಗಿ ಕೊಟ್ಟಾಗ 5 ವರ್ಷದ ನಂತರ ಬದುಕುಳಿದಿರುವವರ ಪ್ರಮಾಣ ಶೇಕಡ 6.5ರಷ್ಟು ಹೆಚ್ಚುತ್ತದೆ. ವಯಸ್ಸಾದಂತೆ ಈ ಲಾಭ ಕಡಿಮೆಯಾಗುತ್ತದೆ. 70 ದಾಟಿದವರಲ್ಲಿ ಅದು ಕಂಡುಬರಲಿಲ್ಲ. ಆದರೆ ಔಷಧಕ್ಕೆ ಕ್ಯಾನ್ಸರ್ ಕೋಶ ಯಾವುದು, ಬಾಯಿಯ ಒಳಪೊರೆಯ ಆರೋಗ್ಯವಂತ ಕೋಶ ಯಾವುದು ಎಂಬ ವಿವೇಚನೆ ಇಲ್ಲವಲ್ಲ! ತೊಂದರೆಗಳ ಮೂಲ ಇದೇ.

ಹಾಗಾದರೆ, ತೊಂದರೆ ಹೆಚ್ಚಾದಾಗ ಒಂದು ವಾರ ಬಿಡುವು ಕೊಡಬಾರದೇ? ಮನೆಯವರು ಕೇಳುವ ಸಹಜವಾದ ಪ್ರಶ್ನೆ. ಉತ್ತರ ಕ್ಯಾನ್ಸರ್ ಕೋಶಗಳ ಸ್ವಭಾವದಲ್ಲಿದೆ. ಚಿಕಿತ್ಸೆ ಆರಂಭವಾಗಿ ಸುಮಾರು ನಾಲ್ಕು ವಾರಗಳಾದ ಮೇಲೆ, ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಈ ಬೆಳವಣಿಗೆಯನ್ನು ಸರಿದೂಗಿಸಲು ದಿನವೊಂದಕ್ಕೆ ಸುಮಾರು 0.6 ಗ್ರೇ ಹೆಚ್ಚುವರಿ ವಿಕಿರಣ ಬೇಕಾಗುತ್ತದೆಂದು ವಿದರ್ಸ್ ಮತ್ತು ಸಂಗಡಿಗರು 1988ರಲ್ಲಿ ಲೆಕ್ಕ ಹಾಕಿದರು. ಬಾಯಿ ಹುಣ್ಣು ಅತಿಯಾಗಿ ಕಾಡುವುದೂ ಹೆಚ್ಚುಕಡಿಮೆ ಇದೇ ನಾಲ್ಕನೆಯ, ಐದನೆಯ ವಾರದಲ್ಲಿ. ಅಂದರೆ ರೋಗಿ ‘ಇನ್ನು ಸಾಕು’ ಎನ್ನುವ ಹೊತ್ತೇ ನಿಲ್ಲಿಸಬಾರದ ಹೊತ್ತು.

ಔಷಧದ ಪ್ರಮಾಣವನ್ನು ತಗ್ಗಿಸಿದರೆ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 300 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ. ದೇಹದ ಮೇಲ್ಮೈಯ ಚದರ ಮೀಟರಿಗೆ 30 ಮಿಲಿಗ್ರಾಂನಂತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಪಡೆದವರಲ್ಲಿ ತೀವ್ರ ಅಡ್ಡಪರಿಣಾಮಗಳು ಕಡಿಮೆಯಿದ್ದವು. ಆದರೆ ಎರಡು ವರ್ಷಗಳಲ್ಲಿ ಮೂಲ ಸ್ಥಳ ಹಾಗೂ ಕತ್ತಿನಲ್ಲಿ ರೋಗ ಹತೋಟಿಯಲ್ಲಿದ್ದುದು ಶೇಕಡ 58.5 ಜನರಲ್ಲಿ ಮಾತ್ರ. ಮೂರು ವಾರಕ್ಕೊಮ್ಮೆ 100 ಮಿಲಿಗ್ರಾಂ ಪಡೆದವರಲ್ಲಿ ಇದು ಶೇಕಡ 73.1. ವಾರಕ್ಕೆ 40 ಮಿಲಿಗ್ರಾಂ ಕೊಟ್ಟರೆ ಶಸ್ತ್ರಚಿಕಿತ್ಸೆಯಾದವರಲ್ಲಿ ಫಲ ಕುಂದುವುದಿಲ್ಲವೆಂದು ಜಪಾನಿನ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಔಷಧ ತಗ್ಗಿಸಿ ಸುಖ ಕೊಡಲು ಹೊರಟರೆ ಬೆಲೆ ತೆರಬೇಕಾಗಬಹುದು. ಆದುದರಿಂದ ಅಡ್ಡಪರಿಣಾಮಗಳ ನಿರ್ವಹಣೆಯನ್ನು ಉಪಚಾರದ ಮಾತೆಂದು ತಿಳಿಯದೆ ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು.

ಈ ಕೆಲಸ ವಿಕಿರಣದ ಮೊದಲ ದಿನಕ್ಕಿಂತ ಮುಂಚೆಯೇ, ದಂತವೈದ್ಯರಲ್ಲಿ, ಶುರುವಾಗುತ್ತದೆ. ವಿಕಿರಣ ತಾಗಿದ ದವಡೆಯ ಮೂಳೆಗೆ ರಕ್ತ ಸಂಚಾರ ಕಡಿಮೆಯಾಗುವುದರಿಂದ ಮುಂದೆ ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ. ಉಳಿಸಲಾಗದ ಹಲ್ಲುಗಳನ್ನು ಕನಿಷ್ಠ ಎರಡು ವಾರ ಮೊದಲೇ ಕೀಳಿಸಿ, ಗಾಯ ಮಾಯಲು ಬಿಡಬೇಕು.

ಬಾಯಿಯ ಒಳಪೊರೆಯ ಕೋಶಗಳು ಒಂದೆರಡು ವಾರಗಳಲ್ಲಿ ಸವೆದು ಹೊಸದಾಗುತ್ತಿರುತ್ತವೆ. ಈ ಹೊಸ ಹುಟ್ಟು ನಿಂತಾಗ, ಎರಡು ಮೂರನೆಯ ವಾರದಲ್ಲಿ ಬಾಯಿ ಕೆಂಪಾಗಿ, ನಂತರ ಬಿಳಿ ಪೊರೆ ಕಟ್ಟಿದ ಹುಣ್ಣುಗಳಾಗುತ್ತವೆ. ಚಿಕಿತ್ಸೆ ಮುಗಿದ ಮೇಲೆ ಮಾಯಲು ಹಲವು ವಾರಗಳೇ ಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಬಾರಿ ಮುಕ್ಕಳಿಸಿ. ಅಂಗಡಿಯಲ್ಲಿ ಸಿಗುವ ಅನೇಕ ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಅವು ಬೇಡ. ಮೃದುವಾದ ಬ್ರಷ್ ಬಳಸಿ. ಬೆಂಜಿಡಮೀನ್ ದ್ರಾವಣವನ್ನು ಮುಕ್ಕಳಿಸುವುದು, ಕಡಿಮೆ ಶಕ್ತಿಯ ಲೇಸರ್ ಬೆಳಕನ್ನು ಬಾಯಿಯೊಳಗೆ ಹಾಯಿಸುವುದು ಉಪಯುಕ್ತವೆಂದು ಕಂಡುಬಂದಿದೆ. ಲೇಸರ್ ಸೌಲಭ್ಯ ಎಲ್ಲ ಕಡೆ ಇಲ್ಲ; ಸೋಡಾ ನೀರು ಎಲ್ಲ ಮನೆಯಲ್ಲೂ ಇದೆ!

ನೋವನ್ನು ಹಲ್ಲು ಕಚ್ಚಿ ಸಹಿಸುವುದು ದೊಡ್ಡಸ್ತಿಕೆಯಲ್ಲ. ನೋವಿದ್ದರೆ ನುಂಗಲಾಗದು, ನುಂಗದಿದ್ದರೆ ತೂಕ ಇಳಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ನೋವಿನ ಔಷಧ ತೆಗೆದುಕೊಂಡರೆ ನಾಲ್ಕು ತುತ್ತು ಹೆಚ್ಚು ಒಳಗಿಳಿಯುತ್ತದೆ. ಹುಣ್ಣು ತೀವ್ರವಾದಾಗ ವೈದ್ಯರು ಮಾರ್ಫಿನ್ ಬರೆದರೆ ಹೆದರಬೇಡಿ. ವೈದ್ಯರ ನಿಗಾದಲ್ಲಿ, ನೋವಿಗೆ ತಕ್ಕಷ್ಟು ಕೊಟ್ಟಾಗ ಚಟ ಹತ್ತುವ ಸಂಭವ ತೀರ ಕಡಿಮೆ. ಮಲಬದ್ಧತೆ ಮಾತ್ರ ಬಹುಮಟ್ಟಿಗೆ ಖಚಿತ, ಅದಕ್ಕೆ ಜೊತೆಯಲ್ಲೇ ಔಷಧ ಕೇಳಿ ಪಡೆಯಿರಿ. ಒಂದು ಎಚ್ಚರಿಕೆ: ಔಷಧ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವೇ ತಂದು ನುಂಗಬಾರದು. ಸಿಸ್‌ಪ್ಲಾಟಿನ್‌ನಿಂದ ಮೊದಲೇ ಬಳಲಿರುವ ಮೂತ್ರಪಿಂಡಗಳಿಗೆ ಇವು ಇನ್ನಷ್ಟು ಹಾನಿ ಮಾಡಬಲ್ಲವು.

ಇನ್ನು ಆಹಾರ. ಕಾಯಿಲೆಯವರಿಗೆ ತಿಳಿ ಗಂಜಿ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಗಂಜಿ ಹೊಟ್ಟೆ ತುಂಬಿಸುತ್ತದೆ, ದೇಹ ತುಂಬಿಸುವುದಿಲ್ಲ. 50 ಕಿಲೊಗ್ರಾಂ ತೂಕದವರಿಗೆ ದಿನಕ್ಕೆ ಸುಮಾರು 1500 ಕಿಲೊಕ್ಯಾಲರಿ ಶಕ್ತಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ರಾಗಿ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ, ಹುರಿಗಡಲೆ ಅಥವಾ ಕಡಲೆಕಾಯಿ ಬೀಜದ ನುಣ್ಣನೆಯ ಪುಡಿ, ಒಂದು ಚಮಚ ತುಪ್ಪ ಸೇರಿಸಿ. ಮೊಸರನ್ನ, ನುಣ್ಣಗೆ ಕಡೆದ ಬೇಳೆ, ತಿನ್ನುವವರಾದರೆ ಮೆತ್ತಗೆ ಬೇಯಿಸಿದ ಮೊಟ್ಟೆ ಸುಲಭವಾಗಿ ಇಳಿಯುತ್ತವೆ. ಖಾರ, ಹುಣಸೆ, ನಿಂಬೆ, ಬಿಸಿ ಬಿಸಿ ಪದಾರ್ಥ ದೂರವಿರಲಿ. ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಲೇ ಇದ್ದರೆ ಮೂಗಿನ ಮೂಲಕ ಇಲ್ಲವೇ ನೇರವಾಗಿ ಹೊಟ್ಟೆಗೆ ಆಹಾರದ ನಳಿಕೆ ಹಾಕುತ್ತಾರೆ. ನಳಿಕೆ ಸೋಲಿನ ಗುರುತಲ್ಲ. ಆದರೆ ಅದು ಬಂತೆಂದು ನುಂಗುವುದನ್ನೇ ಬಿಟ್ಟರೆ ಗಂಟಲಿನ ಸ್ನಾಯುಗಳು ಸೊರಗುತ್ತವೆ. ವೈದ್ಯರು ತಡೆಯದಿದ್ದರೆ ನೀರಿನ ಗುಟುಕನ್ನಾದರೂ ದಿನವೂ ನುಂಗುತ್ತಿರಬೇಕು.

ಬಾಯಿ ತೆರೆಯುವ ವ್ಯಾಯಾಮವೂ ಹೀಗೆಯೇ. ಸಾಮಾನ್ಯವಾಗಿ ಮೂರು ಬೆರಳುಗಳನ್ನು ನೆಟ್ಟಗೆ ಬಾಯಿಯೊಳಗೆ ಇಡಬಹುದು. 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿದಿದೆ ಎಂದರ್ಥ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರಲ್ಲಿ ಬಾಯಿ ಮೊದಲೇ ಬಿಗಿದಿರುತ್ತದೆ. ಇವರು ಚಿಕಿತ್ಸೆಯ ಮೊದಲ ದಿನದಿಂದಲೇ ವ್ಯಾಯಾಮ ಮಾಡುವುದು ಒಳಿತು.

ಸಿಸ್‌ಪ್ಲಾಟಿನ್ ತೀವ್ರ ವಾಂತಿ ತರಿಸುವ ಔಷಧ. ಆಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಅಪ್ರೆಪಿಟೆಂಟ್, ಓಲಾಂಜಪಿನ್‌ಗಳನ್ನು ಜೊತೆಗೂಡಿಸಿ ಕೊಡುವುದರಿಂದ ಇಂದು ವಾಂತಿಯನ್ನು ಬಹುಮಟ್ಟಿಗೆ ತಡೆಯಬಹುದು. ಅದು ಎರಡನೆಯ, ಮೂರನೆಯ ದಿನವೂ ಬರಬಹುದಾದ್ದರಿಂದ ಮನೆಗೆ ಕೊಟ್ಟ ಮಾತ್ರೆಗಳನ್ನು ವಾಂತಿಯಾಗದಿದ್ದರೂ ನುಂಗಿ. ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ಮೂತ್ರ ಕಡಿಮೆಯಾದರೆ ಮುಂದಿನ ಸರದಿಗೆ ಮೊದಲೇ ಹೇಳಿ. ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳೂ ಇಳಿಯುತ್ತವೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರವನ್ನು ಮಾತ್ರೆ ನುಂಗಿ ಬೆಳಗಿನವರೆಗೆ ನೋಡೋಣ ಎನ್ನುವಂತಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗಿ ಸುಲಿಯುವುದುಂಟು. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಸಡಿಲವಾದ ಹತ್ತಿಯ ಬಟ್ಟೆ ಸಾಕು. ಮನೆಮದ್ದಿನ ಲೇಪಗಳು ಬೇಡ.

ತಿಂಗಳುಗಳು ಕಳೆದರೂ ಉಳಿಯುವ ತೊಂದರೆ ಒಣಬಾಯಿ. ಕಿವಿಯ ಬುಡದ ಪೆರೋಟಿಡ್ ಗ್ರಂಥಿಗೆ ತಗಲುವ ಸರಾಸರಿ ವಿಕಿರಣವನ್ನು 26 ಗ್ರೇ ಒಳಗೆ ಹಿಡಿದಿಟ್ಟರೆ ಲಾಲಾರಸ ಮತ್ತೆ ಒಸರುವ ಸಂಭವ ಹೆಚ್ಚು. ವಿಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಬದಲಿಸುವ ಐಎಂಆರ್‌ಟಿ ತಂತ್ರದ ಪ್ರಯೋಜನ ಇಲ್ಲಿದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಗಣನೀಯ ಒಣಬಾಯಿ ಇದ್ದವರು ಹಳೆಯ ಪದ್ಧತಿಯಲ್ಲಿ ಶೇಕಡ 74, ಐಎಂಆರ್‌ಟಿಯಲ್ಲಿ ಶೇಕಡ 38. ಚಿಕಿತ್ಸೆಗೆ ಮೊದಲು ನಿಮ್ಮ ವೈದ್ಯರನ್ನು ಇದರ ಬಗ್ಗೆ ಕೇಳಬಹುದು. ಲಾಲಾರಸವಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುವುದರಿಂದ ಫ್ಲೋರೈಡ್ ಬಳಕೆ ಜೀವನಪೂರ್ತಿ ಇರಬೇಕು. ಕತ್ತಿನ ಥೈರಾಯ್ಡ್ ಗ್ರಂಥಿಯೂ ನಿಧಾನವಾಗಿ ಸೊರಗಬಹುದು. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಹತ್ತು ವರ್ಷದ ನಂತರ ಹಲ್ಲು ಕೀಳಿಸಲು ಹೋದರೂ, ಕುರ್ಚಿಯಲ್ಲಿ ಕೂರುವ ಮೊದಲು ದಂತವೈದ್ಯರಿಗೆ ವಿಕಿರಣದ ವಿಷಯ ತಿಳಿಸಿ.