ಬಾವಿ ನೀರಿನ ಗುಟ್ಟು ಬಿಚ್ಚುವ ಹಾಲಿನ ಸಕ್ಕರೆ

‘ನಮ್ಮ ಬಾವಿಯ ನೀರು ಕನ್ನಡಿಯಂತಿದೆ, ಪರೀಕ್ಷೆ ಯಾಕೆ?’ ಎಂದು ನೀವು ಕೇಳಬಹುದು. ಹಳೆಯ ಹಕೀಮರು ನೀರಿನ ಗುಣವನ್ನು ಬಣ್ಣ, ವಾಸನೆ, ರುಚಿ ಮತ್ತು ತೂಕದಿಂದ ಅಳೆಯುತ್ತಿದ್ದರು. ಕುದಿಸಿದರೆ ಕೆಟ್ಟ ನೀರು ಸುಧಾರಿಸುತ್ತದೆ ಎಂಬುದು ಇಬ್ನ್ ಸೀನಾ ಅವರಿಗೂ ಗೊತ್ತಿತ್ತು. ಆದರೆ ಮಲದಿಂದ ಬರುವ ರೋಗಾಣುಗಳು ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ. ಅವುಗಳ ಸುಳಿವು ಕೊಡುವುದು ಪ್ರಯೋಗಾಲಯದ ಒಂದು ಬಿಳಿ ಪುಡಿ. ಅದೇ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ.

ಚೀಸ್ ತಯಾರಿಸಿದ ಮೇಲೆ ಉಳಿಯುವ ಹಾಲಿನ ತಿಳಿನೀರಿನಿಂದ ಇದನ್ನು ಹರಳುಗಟ್ಟಿಸಿ ತೆಗೆಯುತ್ತಾರೆ. ಮನುಷ್ಯರ ಮತ್ತು ಜಾನುವಾರುಗಳ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾ ಈ ಸಕ್ಕರೆಯನ್ನು ಹುಳಿಯಿಸಿ ಆಮ್ಲ ಮತ್ತು ಅನಿಲ ಉಂಟುಮಾಡುತ್ತದೆ. ಈ ಗುಣವನ್ನೇ ಬಳಸಿಕೊಂಡು ಬ್ರಿಟನ್ನಿನ ವಿಜ್ಞಾನಿ ಆಲ್ಫ್ರೆಡ್ ಮೆಕಾಂಕಿ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಲ್ಯಾಕ್ಟೋಸ್ ಬೆರೆತ ನೇರಳೆ ದ್ರವಕ್ಕೆ ನಿಮ್ಮ ಬಾವಿಯ ನೀರು ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ 24ರಿಂದ 48 ಗಂಟೆ ಇಡುತ್ತಾರೆ. ದ್ರವ ಹಳದಿಯಾಗಿ, ಒಳಗಿನ ಪುಟ್ಟ ನಳಿಕೆಯಲ್ಲಿ ಗುಳ್ಳೆ ಕಂಡರೆ ಮಲ ಸೇರಿರುವ ಶಂಕೆ. ಮುಂದಿನ ಪರೀಕ್ಷೆಗಳು ಅದನ್ನು ಖಚಿತಪಡಿಸುತ್ತವೆ.

ಈ ಪುಡಿ ಅತಿ ಶುದ್ಧವಾಗಿರಬೇಕು. ಟೈಫಾಯಿಡ್ ತರುವ ರೋಗಾಣುವಿಗೆ ಲ್ಯಾಕ್ಟೋಸ್ ಒಗ್ಗದು, ಗ್ಲೂಕೋಸ್ ಒಗ್ಗುತ್ತದೆ. ಪುಡಿಯಲ್ಲಿ ಗ್ಲೂಕೋಸ್ ಬೆರೆತಿದ್ದರೆ ಲ್ಯಾಕ್ಟೋಸ್ ಬಳಸದ ರೋಗಾಣುವೂ ಆಮ್ಲ ಉಂಟುಮಾಡಿ ಬಣ್ಣ ಬದಲಿಸುತ್ತದೆ. ಆಗ ಯಾವುದು ಇ. ಕೋಲಿ, ಯಾವುದು ಬೇರೆ ಎಂದು ಗುರುತಿಸಲಾಗದು. ಮಾತ್ರೆಗಳಲ್ಲಿ ಬಳಸುವ ಲ್ಯಾಕ್ಟೋಸ್‌ನ ದರ್ಜೆ ಬೇರೆ. ಪ್ರಯೋಗಾಲಯದ ಪುಡಿ ತಿನ್ನಲು ಅಲ್ಲ.

ಚಿಕ್ಕ ಜಾಗದಲ್ಲಿ ಬಾವಿಯೂ ಶೌಚದ ಗುಂಡಿಯೂ ಹತ್ತಿರದಲ್ಲಿದ್ದರೆ ಹೆಚ್ಚು ಎಚ್ಚರ ಬೇಕು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಗುಂಡಿಯ ಕೊಳಕು ಬಾವಿಗೆ ಸುಲಭವಾಗಿ ಸೇರುತ್ತದೆ. ಮಳೆ ಶುರುವಾದ ಮೇಲೆ ಒಮ್ಮೆಯಾದರೂ ನೀರು ಪರೀಕ್ಷೆ ಮಾಡಿಸಿ. ಎಲ್ಲಿ ಮಾಡಿಸಬೇಕೆಂದು ಪಂಚಾಯತಿಯಲ್ಲಿ ಅಥವಾ ಸಮೀಪದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮನೆಯ ಬಾಟಲಿ ಬೇಡ; ಪ್ರಯೋಗಾಲಯದವರು ಕೊಡುವ ಕ್ರಿಮಿರಹಿತ ಬಾಟಲಿಯಲ್ಲೇ ನೀರು ತುಂಬಿಸಿ. ಮುಚ್ಚಳದ ಒಳಭಾಗ ಮುಟ್ಟಬೇಡಿ. ತಡಮಾಡದೆ, ತಂಪಾಗಿಟ್ಟು ತಲುಪಿಸಿ.

ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಒಂದೇ ಒಂದು ಇ. ಕೋಲಿಯೂ ಕಾಣಬಾರದು. ಕಂಡರೆ ಕುದಿಸದ ನೀರನ್ನು ಯಾರಿಗೂ, ಮುಖ್ಯವಾಗಿ ಮಕ್ಕಳಿಗೆ, ಕೊಡಬೇಡಿ. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಡಿ. ಆರೋಗ್ಯ ಕಾರ್ಯಕರ್ತರ ಸಲಹೆಯಂತೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ. ಕೊಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಅದನ್ನು ತಡೆದು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಎರಡನೇ ವರದಿ ಸರಿಯಾಗಿ ಬರುವವರೆಗೂ ಕುದಿಸುವುದನ್ನು ನಿಲ್ಲಿಸಬೇಡಿ.