ಕೋಶಕ್ಕೊಂದು ಹಂದರ: ಕ್ಯಾನ್ಸರ್ ಔಷಧಿಯ ಪರೀಕ್ಷೆ ಮತ್ತು ಜೈವಿಕ ವಸ್ತುಗಳು

ಕಲಬುರಗಿ ಜಿಲ್ಲೆಯ ಚಿಂಚೋಳಿ ಕನ್ನಡಿಗರಿಗೆಲ್ಲ ಗೊತ್ತು. ಸೊಲ್ಲಾಪುರ–ಪುಣೆ ಹೆದ್ದಾರಿಯ ಬದಿಯಲ್ಲಿರುವ ಚಿಂಚೋಳಿ ಬೇರೆ. ಅದು ಎಂಐಡಿಸಿಯಿಂದಲೇ ಹೆಸರಾದದ್ದು. ಅಲ್ಲಿ ಘಟಕಗಳಿರುವ ಬಾಲಾಜಿ ಅಮೈನ್ಸ್ ಸಂಸ್ಥೆಯ ಉತ್ಪನ್ನಗಳಲ್ಲಿ ಡೈಮೀಥೈಲ್ ಅಮೈನ್ ಹೈಡ್ರೋಕ್ಲೋರೈಡ್ ಒಂದು. ಈ ರಾಸಾಯನಿಕವನ್ನು ಡೈಸಯನಡೈಅಮೈಡ್ ಜೊತೆ ಸೇರಿಸಿ ಕಾಯಿಸಿದಾಗ ದೊರೆಯುವುದೇ ಮೆಟ್‌ಫಾರ್ಮಿನ್. ಮಧುಮೇಹಿಗಳ ಮನೆಯಲ್ಲಿ ನಿತ್ಯ ಕಾಣುವ ಈ ಅಗ್ಗದ ಗುಳಿಗೆ ಕ್ಯಾನ್ಸರಿಗೂ ಮದ್ದಾದೀತೆಂಬ ದೊಡ್ಡ ಆಸೆಯನ್ನು ಒಮ್ಮೆ ಹುಟ್ಟಿಸಿತ್ತು. ಆ ಆಸೆ ಹುಟ್ಟಿ ಕುಗ್ಗಿದ ಬಗೆಯನ್ನು ನೋಡಿದರೆ, ಪ್ರಯೋಗಶಾಲೆಯಲ್ಲಿ ಗಡ್ಡೆಗಳನ್ನು ಹೊಸ ರೀತಿಯಲ್ಲಿ ಬೆಳೆಸುವ ಪ್ರಯತ್ನ ಏಕೆ ನಡೆದಿದೆ ಎಂಬುದು ತಿಳಿಯುತ್ತದೆ.

ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳಲ್ಲಿ ಕ್ಯಾನ್ಸರ್ ಕಡಿಮೆ ಇರುವಂತೆ ತೋರುತ್ತದೆಂದು ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರು 2005ರಲ್ಲಿ ವರದಿ ಮಾಡಿದರು. ಅದರ ಬೆನ್ನಿಗೇ ಪ್ರಯೋಗಶಾಲೆಯ ತಟ್ಟೆಗಳಲ್ಲಿ ಪರೀಕ್ಷೆಗಳು ನಡೆದವು. ಔಷಧಿ ಬೆರೆತಾಗ ಸ್ತನ ಕ್ಯಾನ್ಸರಿನ ಕೋಶಗಳ ಬೆಳವಣಿಗೆ ತಗ್ಗಿತು. ಕೊನೆಗೆ 3,649 ಸ್ತನ ಕ್ಯಾನ್ಸರ್ ರೋಗಿಗಳನ್ನು ಒಳಗೊಂಡ ಅಂತಾರಾಷ್ಟ್ರೀಯ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಐದು ವರ್ಷ ಮೆಟ್‌ಫಾರ್ಮಿನ್ ಕೊಡಲಾದವರಿಗೂ ಹುಸಿಗುಳಿಗೆ ಕೊಡಲಾದವರಿಗೂ, ಮುಖ್ಯ ಹೋಲಿಕೆಯಲ್ಲಿ, ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ತಟ್ಟೆಯೊಂದನ್ನೇ ದೂರುವುದು ನ್ಯಾಯವಲ್ಲ. ರೋಗಿಗಳ ದಾಖಲೆಗಳನ್ನು ಲೆಕ್ಕ ಹಾಕಿದ ಕ್ರಮದಲ್ಲೂ ದೋಷಗಳಿದ್ದವು. ಆದರೂ ತಟ್ಟೆಯ ಪಾಲು ಸಣ್ಣದಲ್ಲ. ಹಲವು ಪ್ರಯೋಗಗಳಲ್ಲಿ ಕೋಶಗಳಿಗೆ ಉಣಿಸಿದ ಮೆಟ್‌ಫಾರ್ಮಿನ್, ರೋಗಿಯ ರಕ್ತದಲ್ಲಿ ಸಿಗುವುದಕ್ಕಿಂತ ನೂರಾರು ಪಟ್ಟು ಹೆಚ್ಚಿತ್ತು. ಅಷ್ಟು ಬೇಕಾದದ್ದಕ್ಕೂ ಕಾರಣವಿದೆ. ಈ ಔಷಧಿ ಕೋಶದ ಮೈಟೊಕಾಂಡ್ರಿಯಾದಲ್ಲಿ ಶಕ್ತಿಯ ಉತ್ಪಾದನೆಯನ್ನು ತಡೆಯುತ್ತದೆ. ತಟ್ಟೆಯಲ್ಲಿ ಬಳಸುವ ಪೋಷಕ ದ್ರವವೊಂದರಲ್ಲಿ ಗ್ಲೂಕೋಸಿನ ಪ್ರಮಾಣ 25 ಮಿಲಿಮೋಲಾರ್. ಆರೋಗ್ಯವಂತರ ರಕ್ತದಲ್ಲಿ ಸುಮಾರು 5. ಅಷ್ಟೊಂದು ಸಕ್ಕರೆಯಲ್ಲಿ ಮುಳುಗಿದ ಕೋಶ ಬೇರೆ ದಾರಿಯಿಂದ ಶಕ್ತಿ ಪಡೆದು ಬದುಕಿಕೊಳ್ಳುತ್ತದೆ.

ಇನ್ನೊಂದು ಅಸಹಜತೆ ನೆಲದ್ದು. ಆರೋಗ್ಯವಂತ ಸ್ತನದ ಅಂಗಾಂಶದ ಬಿಗಿತ ಕೆಲವು ನೂರು ಪಾಸ್ಕಲ್, ಗಡ್ಡೆಯದು ಕೆಲವು ಸಾವಿರ. ತಟ್ಟೆಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನದು ಮುನ್ನೂರು ಕೋಟಿಯ ಆಸುಪಾಸು. ಮೆತ್ತನೆಯ ನೆಲೆಯಲ್ಲಿ ದುಂಡಗೆ ಗುಂಪುಗೂಡಿ ಬದುಕುವ ಕೋಶ ಇಲ್ಲಿ ಬಂಡೆಯ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. 1992ರಲ್ಲಿ ಓಲೆ ಪೀಟರ್ಸನ್, ಮಿನಾ ಬಿಸೆಲ್ ಮತ್ತು ಸಂಗಡಿಗರು ಇದರ ಪರಿಣಾಮವನ್ನು ತೋರಿಸಿದರು. ಮೆತ್ತನೆಯ ಪ್ರೋಟೀನ್ ಜೆಲ್‌ನೊಳಗೆ ಇಟ್ಟಾಗ ಸ್ವಸ್ಥ ಸ್ತನಕೋಶಗಳು ಒಳಗೆ ಟೊಳ್ಳಾದ ಪುಟ್ಟ ಗುಂಡುಗಳಾಗಿ ಬೆಳೆದು ನಿಂತವು. ಕ್ಯಾನ್ಸರ್ ಕೋಶಗಳು ಅಂಕೆಯಿಲ್ಲದೆ ಗುಪ್ಪೆಯಾದವು. ಪ್ಲಾಸ್ಟಿಕ್ಕಿನ ಮೇಲೆ ಈ ಎರಡನ್ನೂ ಬೇರ್ಪಡಿಸಿ ಗುರುತಿಸುವುದೇ ಕಷ್ಟವಾಗಿತ್ತು. 1997ರಲ್ಲಿ ಬಿಸೆಲ್ ತಂಡ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಕೋಶವು ತನ್ನ ಸುತ್ತಲಿನ ಜಾಲವನ್ನು ಹಿಡಿದುಕೊಳ್ಳುವ ಕೊಂಡಿಗಳಲ್ಲಿ ಒಂದನ್ನು ಪ್ರತಿಕಾಯದಿಂದ ತಡೆದಾಗ, ಕ್ಯಾನ್ಸರ್ ಕೋಶಗಳು ಸ್ವಸ್ಥ ಕೋಶಗಳಂತೆ ಅಚ್ಚುಕಟ್ಟಾದವು. ವಂಶವಾಹಿಯ ದೋಷ ಹಾಗೆಯೇ ಇತ್ತು, ನಡತೆ ಬದಲಾಗಿತ್ತು.

ಕೋಶಗಳ ಹೊರಗಿನ ಈ ಜಾಲವನ್ನು ವಿಜ್ಞಾನ ಮ್ಯಾಟ್ರಿಕ್ಸ್ ಎನ್ನುತ್ತದೆ. ಆ ಲ್ಯಾಟಿನ್ ಶಬ್ದದ ಅರ್ಥಗಳಲ್ಲಿ ಗರ್ಭವೂ ಒಂದು. ಪ್ರಯೋಗಶಾಲೆಯಲ್ಲಿ ಅದಕ್ಕೆ ಬದಲಾಗಿ ಕಟ್ಟುವ ಕೃತಕ ಜಾಲಕ್ಕೆ ಕನ್ನಡದಲ್ಲಿ ಹೊಸ ಸಂಸ್ಕೃತ ಸಮಾಸ ಹೊಸೆಯಬೇಕಿಲ್ಲ. ಸೊಲ್ಲಾಪುರ, ವಿಜಯಪುರ ಭಾಗದ ದ್ರಾಕ್ಷಿ ಬೆಳೆಗಾರರ ‘ಹಂದರ’ ಸಾಕು: ಬಳ್ಳಿಗೆ ಆಸರೆಯೂ ಅದೇ, ಅದು ಹರಡುವ ದಿಕ್ಕನ್ನು ತೀರ್ಮಾನಿಸುವುದೂ ಅದೇ.

ಹಂದರಕ್ಕೆ ಬಳಸುವ ಜೈವಿಕ ವಸ್ತುಗಳು ಹಲವು. ಹೆಚ್ಚು ಬಳಕೆಯಲ್ಲಿರುವ ಮ್ಯಾಟ್ರಿಜೆಲ್ ಅನ್ನು ಇಲಿಯ ಗಡ್ಡೆಯಿಂದ ತೆಗೆಯುತ್ತಾರೆ. ತಂಪಿನಲ್ಲಿ ದ್ರವ, ಮೈಬಿಸಿಯಲ್ಲಿ ಜೆಲ್. ಒಂದು ತಯಾರಿಕೆಯಂತೆ ಇನ್ನೊಂದು ಇರುವುದಿಲ್ಲವೆಂಬುದು ಅದರ ಕೊರತೆ. ಕಡಲ ಪಾಚಿಯ ಆಲ್ಜಿನೇಟ್ ಕ್ಯಾಲ್ಸಿಯಂ ತಾಗಿದೊಡನೆ ಗಟ್ಟಿಯಾಗುತ್ತದೆ. ಕನ್ನಡ ನಾಡಿಗೆ ಹತ್ತಿರದ್ದು ರೇಷ್ಮೆ. ಗೂಡನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕುದಿಸಿದರೆ ಅಂಟು ಪ್ರೋಟೀನಾದ ಸೆರಿಸಿನ್ ಕಳಚಿ ಫೈಬ್ರೋಯಿನ್ ಎಳೆ ಉಳಿಯುತ್ತದೆ. ಅದನ್ನು ಲಿಥಿಯಂ ಬ್ರೋಮೈಡಿನಲ್ಲಿ ಕರಗಿಸಿ, ಆ ಲವಣವನ್ನು ತೊಳೆದು, ಹೆಪ್ಪುಗಟ್ಟಿಸಿ ಒಣಗಿಸಿದರೆ ತೂತುತೂತಿನ ಸ್ಪಂಜು ಸಿದ್ಧ. ಖರಗಪುರದ ಐಐಟಿಯಲ್ಲಿ ಸುಭಾಸ್ ಕುಂದು ಮತ್ತು ಸಂಗಡಿಗರು ರೇಷ್ಮೆಯ ಹಂದರದಲ್ಲಿ ಗಡ್ಡೆ ಮಾದರಿಗಳನ್ನು ಬೆಳೆಸಿ 2011ರಲ್ಲಿ ವರದಿ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮರಾಯ ಭಟ್ ಅವರ ತಂಡ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೂ ಮ್ಯಾಟ್ರಿಕ್ಸ್‌ಗೂ ಇರುವ ಸಂಬಂಧವನ್ನು ಶೋಧಿಸುತ್ತಿದೆ.

ಹಂದರದಲ್ಲಿ ಕೋಶಗಳು ದಿನಗಟ್ಟಲೆ ಬೆಳೆದು ಗುಂಡಾದಾಗ ಆಮ್ಲಜನಕ ಹೊರಗಿನಿಂದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟೂ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಹೊರಪದರ ಚುರುಕಾಗಿ ವಿಭಜನೆಗೊಳ್ಳುತ್ತದೆ, ಒಳಗಿನದು ಉಸಿರುಗಟ್ಟಿ ಮಂಕಾಗುತ್ತದೆ. ವಿಭಜನೆಗೊಳ್ಳುವ ಕೋಶಗಳನ್ನೇ ಗುರಿಮಾಡುವ ಔಷಧಿಗೆ ಈ ಮಂಕು ಕೋಶಗಳು ಸಿಗುವುದಿಲ್ಲ. ರೋಗಿಯ ಗಡ್ಡೆಯಲ್ಲಿ ನಡೆಯುವುದೂ ಇದೇ. ತಟ್ಟೆಯಲ್ಲಿ ಗೆದ್ದ ಎಷ್ಟೋ ಔಷಧಿಗಳು ಇಲ್ಲಿ ಸೋಲುತ್ತವೆ. ಆ ಸೋಲು ಸಾವಿರಾರು ರೋಗಿಗಳು ಗುಳಿಗೆ ನುಂಗುವ ಮೊದಲೇ ತಿಳಿದರೆ ಲಾಭ ಅವರದು.

ಯಾರ ಗಡ್ಡೆಯನ್ನು ಬೆಳೆಸುವುದೆಂಬ ಪ್ರಶ್ನೆಯೂ ಇದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾಯಿತು. ಆದರೆ ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಲೋಕವೆಲ್ಲ ಬಳಸುವ ಎಂಸಿಎಫ್-7 ಕೋಶಗಳು ಐವತ್ತು ವರ್ಷಗಳ ಹಿಂದೆ ಅಮೆರಿಕದ ಒಬ್ಬ ರೋಗಿಯಿಂದ ಪಡೆದವು. ರೋಗಿಯದೇ ಅಂಗಾಂಶವನ್ನು ಜೆಲ್‌ನಲ್ಲಿ ಬೆಳೆಸಿ ಔಷಧಿಯ ಪರಿಣಾಮವನ್ನು ಮೊದಲೇ ಊಹಿಸುವ ಪ್ರಯತ್ನಗಳು ಈಗ ನಡೆದಿವೆ. ಜಠರ ಮತ್ತು ಕರುಳಿನ ಕ್ಯಾನ್ಸರುಗಳ ಬಗೆಗಿನ 2018ರ ಅಧ್ಯಯನದಲ್ಲಿ, ಮಾದರಿಯಲ್ಲಿ ವಿಫಲವಾದ ಔಷಧಿ ರೋಗಿಯಲ್ಲೂ ವಿಫಲವಾಗಿತ್ತು; ಪರೀಕ್ಷಿಸಿದ ರೋಗಿಗಳ ಸಂಖ್ಯೆ ಮಾತ್ರ ಚಿಕ್ಕದು.

ಇಂಥ ಮಾದರಿಗಳನ್ನು ಪ್ರಾಣಿ ಪರೀಕ್ಷೆಗೆ ಬದಲಾಗಿ ಬಳಸಲು ಭಾರತದ ಔಷಧಿ ನಿಯಮಗಳ 2023ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೂ ಬಹುಪಾಲು ಹಂದರಗಳಲ್ಲಿ ರಕ್ತನಾಳವಿಲ್ಲ, ರೋಗನಿರೋಧಕ ಕೋಶಗಳಿಲ್ಲ, ಔಷಧಿಯನ್ನು ಮಾರ್ಪಡಿಸುವ ಯಕೃತ್ತಂತೂ ಇಲ್ಲ. ಹಂದರ ನೆಲವನ್ನು ಸರಿಪಡಿಸುತ್ತದೆ, ಆಹಾರವನ್ನಲ್ಲ. ಮೆಟ್‌ಫಾರ್ಮಿನ್ನನ್ನು ರೇಷ್ಮೆಯ ಹಂದರದಲ್ಲಿ ಪರೀಕ್ಷಿಸುವಾಗಲೂ ದ್ರವದ ಸಕ್ಕರೆಯನ್ನು ರಕ್ತದ ಮಟ್ಟಕ್ಕೆ ಇಳಿಸಿ, ಔಷಧಿಯನ್ನು ಗುಳಿಗೆ ನುಂಗಿದವರ ರಕ್ತದಲ್ಲಿ ಸಿಗುವಷ್ಟೇ ಬೆರೆಸಬೇಕಾಗುತ್ತದೆ.